ಬಿದ್ದವರ ಮರಗಳು

ತೆಂಗಿನ ಮರದಿಂದ ಬಿದ್ದವರೆಲ್ಲ ಸಾಯುವುದಿಲ್ಲ. ಸತ್ತವರಿಗಾಗಿ ಊರು ಅಳುತ್ತದೆ, ಮಣ್ಣು ಕೊಡುತ್ತದೆ, ತಿಥಿಯ ಊಟ ಮುಗಿಸಿ ಕೈ ತೊಳೆಯುತ್ತದೆ. ಬದುಕಿ ಉಳಿದವನ ಪಾಡು ಬೇರೆ. ಸೊಂಟದಿಂದ ಕೆಳಗೆ ಅರಿವಿಲ್ಲದೆ, ತನ್ನ ಕಾಲು ತನ್ನದೋ ಪರರದೋ ತಿಳಿಯದೆ ನಡುಮನೆಯ ಮೂಲೆಯಲ್ಲಿ ಅಂಗಾತ ಮಲಗಿದವನನ್ನು ಮೊದಮೊದಲು ಊರೆಲ್ಲ ನೋಡಲು ಬರುತ್ತದೆ. ಆಮೇಲೆ ನೆಂಟರು ಮಾತ್ರ ಬರುತ್ತಾರೆ. ಆಮೇಲೆ ಯಾರೂ ಬರುವುದಿಲ್ಲ. ಯಾರೂ ಬಾರದ ಅಂಥ ಮನೆಗಳಿಗೆ ದಿನವೂ ಹೋಗುವುದನ್ನೇ ಪುಟ್ಟಗಂಗಮ್ಮ ತನ್ನ ಬಾಳಿನ ವ್ರತವಾಗಿ ಹಿಡಿದಿದ್ದಳು.

ಆಕೆಯ ಊರು ಶೆಟ್ಟಿಕೆರೆಗೂ ತಿಪಟೂರಿಗೂ ನಡುವೆ, ಬಸ್ಸಿನ ರಸ್ತೆಯಿಂದ ತುಸು ಒಳಗೆ ಸರಿದ ಸಣ್ಣ ಹಳ್ಳಿ. ಗಂಡ ಸಣ್ಣತಿಮ್ಮಯ್ಯ ತೋಟಗಳಲ್ಲಿ ಕಾಯಿ ಕೆಡವುವ ಕೆಲಸದವನು. ಒಂದು ಬೆಳಿಗ್ಗೆ, ಮಳೆ ಬಂದು ಮರದ ಮೈ ಇನ್ನೂ ಆರಿರದಾಗ, ಸಿದ್ದಕ್ಕನ ತೋಟದಲ್ಲಿ ಕಾಲು ಜಾರಿ ಬಿದ್ದ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಬೆನ್ನಿಗೆ ಕಂಬಿ ಕೂರಿಸಿ, ಇನ್ನು ಮನೆಯಲ್ಲಿ ನೋಡಿಕೊಳ್ಳಿ ಎಂದು ಕಳುಹಿಸಿದರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕೆಂದು ಹೇಳಿದವರಿಲ್ಲ. ಆಕೆ ಉಣ್ಣಿಸಿದಳು, ಮೈ ಒರೆಸಿದಳು, ಮನೆದೇವರಿಗೆ ಹರಕೆ ಹೊತ್ತಳು. ಬೆನ್ನಡಿಯಲ್ಲಿ ಏನಾಗುತ್ತಿದೆಯೆಂದು ನೋಡಬೇಕೆಂಬುದು ಆಕೆಗೆ ತಿಳಿದಿರಲಿಲ್ಲ. ಅಲ್ಲಿ ನೋವೇ ಇಲ್ಲವಾದ್ದರಿಂದ ಅವನೂ ಹೇಳಲಿಲ್ಲ. ಮಲಗಿದ ಭಾರಕ್ಕೆ ಚರ್ಮ ಕೊಳೆತು, ಹುಣ್ಣು ಮೂಳೆ ಮುಟ್ಟಿದ ಮೇಲೆ ವಾಸನೆಯಿಂದ ಗೊತ್ತಾಯಿತು. ಸಣ್ಣತಿಮ್ಮಯ್ಯನನ್ನು ಕೊಂದದ್ದು ಆ ಹುಣ್ಣು.

ಅವನು ಹೋದ ಮೇಲೆ ತಿಪಟೂರಿನ ಆಸ್ಪತ್ರೆಯ ಗಾಯ ಕಟ್ಟುವ ಕೋಣೆಯಲ್ಲಿ ನಿಂತು, ಒಬ್ಬ ನರ್ಸಮ್ಮನನ್ನು ಕಾಡಿ ಬೇಡಿ, ಮಲಗಿದವರನ್ನು ಹೊರಳಿಸುವ ಬಗೆಯನ್ನೂ ಹುಣ್ಣು ತೊಳೆಯುವ ಬಗೆಯನ್ನೂ ಕಲಿತಳು. ಪಕ್ಕದೂರಿನಲ್ಲಿ ಇನ್ನೊಬ್ಬ ಬಿದ್ದನೆಂದು ಕೇಳಿದಾಗ ಯಾರೂ ಕರೆಯದೆಯೇ ಹೋದಳು. ಬಾಗಿಲಲ್ಲಿ ನಿಂತು, “ಬೆನ್ನು ನೋಡಿದ್ರಾ?” ಎಂದು ಕೇಳಿದಳು. ಮುಂದೆ ಎಷ್ಟೋ ಮನೆಗಳಲ್ಲಿ ಆಕೆಯ ಮೊದಲ ಮಾತು ಇದೇ ಆಯಿತು. ನಿವೃತ್ತ ಮೇಷ್ಟ್ರು ದಯಾನಂದ್ ಅವರು ಇದನ್ನು ಕಂಡು ಕರಗಿ, ‘ಬೆನ್ನಾಸರೆ’ ಎಂಬ ಹೆಸರಿನಲ್ಲಿ ಒಂದು ಸಂಘ ಕಟ್ಟಿ ನೋಂದಾಯಿಸಿದರು. ಬರೆಯುವುದು, ಓಡಾಡುವುದು ಮೇಷ್ಟ್ರ ಪಾಲು. ಹುಣ್ಣು ತೊಳೆಯುವುದು ಪುಟ್ಟಗಂಗಮ್ಮನ ಪಾಲು.

ಸಂಘ ನಡೆಯಲು ಆಧಾರ ಬೇಕಲ್ಲ. ಆ ಸುತ್ತಿನ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಒಂದು ನಡೆ ಇತ್ತು. ಯಾವ ಮರದಿಂದ ಮನುಷ್ಯ ಬಿದ್ದನೋ ಆ ಮರದ ಕಾಯಿ ಮನೆಯೊಳಕ್ಕೆ ಬಾರದು. ಅದನ್ನು ದೇವರಿಗೆ ಒಡೆಯುವುದಿಲ್ಲ, ಸಾರಿಗೆ ಅರೆಯುವುದಿಲ್ಲ. ಕೊಬ್ಬರಿಯಾಗಲೆಂದು ಅಟ್ಟಕ್ಕೆ ಹಾಕಿದರೆ ಉಳಿದ ಕಾಯಿಯೂ ಕೆಡುತ್ತದೆಂಬ ಅಂಜಿಕೆ. ಕಡಿಯೋಣವೆಂದರೆ, ಫಲ ಹೊತ್ತ ತೆಂಗನ್ನು ಕಡಿಯುವುದು ಹೆತ್ತ ಮಗನನ್ನು ಕಡಿದಂತೆ ಎಂದು ನಂಬಿದ ಜನ. ಹಾಗಾಗಿ ಅಂಥ ಮರ ತೋಟದ ನಡುವೆಯೇ ಅನಾಥವಾಗಿ ನಿಂತಿರುತ್ತಿತ್ತು. ಕಾಯಿ ತಾನೇ ಉದುರಿ, ಬುಡದಲ್ಲಿ ಮೊಳೆತು ಹಾಳಾಗುತ್ತಿತ್ತು.

ಪುಟ್ಟಗಂಗಮ್ಮ ಆ ಮರಗಳನ್ನು ಕೇಳಿದಳು. ಮೊದಲು ಕೇಳಿದ್ದು ಗಂಡ ಬಿದ್ದ ಮರವನ್ನೇ. ತೋಟದ ಯಜಮಾನಿ ಸಿದ್ದಕ್ಕ ಬೆಚ್ಚಿಬಿದ್ದಳು.

“ಅದ್ರ ಕಾಯಿ ನೀನು ಮುಟ್ತೀಯೇನೇ? ನಿನ್ನ ಗಂಡನ್ನ ತಿಂದ ಮರ ಕಣೇ ಅದು!”

“ತಿಂದೈತಲ್ಲ ಅಮ್ಮಾರೇ, ಈಗ ನಾಕು ಜನಕ್ಕೆ ಉಣ್ಣಾಕಿಕ್ಲಿ ಬುಡಿ.”

ಸಿದ್ದಕ್ಕನ ಕಣ್ಣು ತುಂಬಿತು. ಅಂದೇ ಆ ಮರಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿದು ಸಂಘಕ್ಕೆ ಬಿಟ್ಟುಕೊಟ್ಟಳು. ಅದನ್ನು ನೋಡಿ ಬೇರೆ ತೋಟದವರೂ ಕೊಟ್ಟರು. ಕೊಟ್ಟವರಿಗೂ ಒಂದು ಭಾರ ಇಳಿದಂತಾಯಿತು. ತಮ್ಮ ತೋಟದಲ್ಲಿ ಬಿದ್ದವನ ನೆನಪು ಇರಿಯುತ್ತಿದ್ದ ಮನಸ್ಸಿಗೆ, ಆ ಮರದ ಫಲ ಅಂಥವನ ಗಾಯಕ್ಕೇ ಹೋಗುತ್ತದೆಂಬುದು ಸಮಾಧಾನ. ಕೆಲವೇ ವರ್ಷಗಳಲ್ಲಿ ಶೆಟ್ಟಿಕೆರೆಯಿಂದ ನೊಣವಿನಕೆರೆಯ ಕಡೆಯವರೆಗೂ ಅಲ್ಲೊಂದು ಇಲ್ಲೊಂದು ಕೆಮ್ಮಣ್ಣಿನ ಪಟ್ಟೆಯ ಮರ ಕಾಣತೊಡಗಿತು. ಜನ ಅವನ್ನು ಬಿದ್ದವರ ಮರ ಎಂದು ಕರೆದರು.

ಆ ಮರಗಳನ್ನು ಹತ್ತುವವರು ಯಾರು? ಮುಂದೆ ಬಂದವನು ತಿಮ್ಮರಾಜು ಒಬ್ಬನೇ. ಆಗಷ್ಟೇ ಮದುವೆಯಾಗಿದ್ದ ಹುಡುಗ, ಬಾಯಿ ತುಂಬ ನಗು. “ಬಿದ್ದ ಮರಕ್ಕೆ ಒಂದ್ಸಲ ಹೊಟ್ಟೆ ತುಂಬೈತೆ ಕಣಕ್ಕ, ನನ್ನ ತಂಟೆಗೆ ಬರಲ್ಲ. ಬೀಳೋನಾದ್ರೆ ಒಳ್ಳೇ ಮರದಿಂದ್ಲೇ ಬಿದ್ದೇನು,” ಎಂದು ಪುಟ್ಟಗಂಗಮ್ಮನನ್ನು ರೇಗಿಸುವನು. ಅವನ ಹೆಂಡತಿ ರಾಧಾಮಣಿ, “ನಿಮ್ಮ ಬಾಯಿಗೆ ಬೂದಿ ಹಾಕ!” ಎಂದು ಸೆರಗಿನಿಂದ ಹೊಡೆಯುವಳು. ಹತ್ತುವ ಮುನ್ನ ಮಾತ್ರ ಅವನ ನಗು ನಿಲ್ಲುತ್ತಿತ್ತು. ಆ ಮರದಿಂದ ಬಿದ್ದವನ ಹೆಸರನ್ನು ಮೆಲ್ಲಗೆ ಹೇಳಿ, ಬುಡ ಮುಟ್ಟಿ ಹಣೆಗೆ ಒತ್ತಿಕೊಂಡು ಹತ್ತುತ್ತಿದ್ದ. ಕಾಯಿ ಮೇಷ್ಟ್ರ ಹಳೆಯ ಮನೆಯ ಅಟ್ಟ ಸೇರಿ, ವರ್ಷ ತುಂಬಿ ಕೊಬ್ಬರಿಯಾಗಿ, ತಿಪಟೂರಿನ ಮಾರುಕಟ್ಟೆಗೆ ಹೋಗುತ್ತಿತ್ತು. ಬಂದದ್ದರಲ್ಲಿ ಗಾಯದ ಬಟ್ಟೆ, ಔಷಧಿ, ಮೂತ್ರದ ಪೈಪು. ಪುಟ್ಟಗಂಗಮ್ಮನೊಂದಿಗೆ ಮನೆಮನೆಗೆ ಹೋಗುವ ಮೂವರು ಹೆಂಗಸರಿಗೆ ಒಂದಿಷ್ಟು ಕೂಲಿ. ದೊಡ್ಡದೇನೂ ಅಲ್ಲ. ಆದರೆ ಆ ಹೆಂಗಸರು ಹೋಗುತ್ತಿದ್ದ ಮನೆಗಳಲ್ಲಿ ಹುಣ್ಣಿನಿಂದ ಯಾರೂ ಸಾಯಲಿಲ್ಲ.

ಗರ್ಭಗುಡಿಯಲ್ಲಿ ಅಭಿಷೇಕ ಮಾಡುವವರು ಮಡಿಯುಟ್ಟು ಒಳಗೆ ಹೋಗುತ್ತಾರೆ. ಪುಟ್ಟಗಂಗಮ್ಮನಿಗೂ ಒಂದು ಮಡಿ ಇತ್ತು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಉಗುರು ನೋಡಿಕೊಂಡು, ಆಮೇಲೆಯೇ ಮಲಗಿದವನ ಮೈ ಮುಟ್ಟುವಳು. ಕೀವು ಒರೆಸುವಾಗ ಆ ಮುಖದಲ್ಲಿ ಅಸಹ್ಯ ಕಂಡವರಿಲ್ಲ. ಪರಮಾತ್ಮ ಎಲ್ಲೆಲ್ಲೂ ಇದ್ದಾನೆಂದು ನಾವು ಬಾಯಿಯಲ್ಲಿ ಹೇಳುತ್ತೇವೆ. ಅವನು ಮನುಷ್ಯನ ಬೆನ್ನ ಹುಣ್ಣಿನಲ್ಲೂ ಇದ್ದು, ಯಾರಾದರೂ ಬಂದು ತೊಳೆಯಲೆಂದು ಕಾಯುತ್ತಿರುತ್ತಾನೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಆಕೆ ಅದನ್ನು ಹೇಳಲೂ ಇಲ್ಲ. ತೊಳೆದಳು, ಅಷ್ಟೇ.

ಹೀಗಿರುವಾಗ ಅನುದಾನ ಬಂತು. ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ನೀಡುವ ಸರ್ಕಾರದ ಯೋಜನೆಯೊಂದಕ್ಕೆ ಮೇಷ್ಟ್ರು ಅರ್ಜಿ ಹಾಕುತ್ತಲೇ ಇದ್ದರು. ಯಾವ ಪುಣ್ಯಾತ್ಮನ ಕಣ್ಣಿಗೆ ಬಿತ್ತೋ, ಮಂಜೂರಾಯಿತು. ಮೇಷ್ಟ್ರು ತಿಪಟೂರಿನಿಂದ ಮೈಸೂರುಪಾಕು ತಂದು ಹಂಚಿದರು. ತರಬೇತಿ ಪಡೆದ ನರ್ಸ್ ಒಬ್ಬಳು, ಒಂದು ವ್ಯಾನು, ಮಲಗಿದವರಿಗೆಲ್ಲ ಗಾಳಿ ಹಾಸಿಗೆ! ಮರದಿಂದ ಬಿದ್ದವರನ್ನು ಸರ್ಕಾರ ಕೊನೆಗೂ ಕಂಡಿತಲ್ಲ ಎಂದು ಪುಟ್ಟಗಂಗಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಸ್ವಲ್ಪ ದಿನಕ್ಕೆ ಇಲಾಖೆಯ ಅಧಿಕಾರಿ ತಪಾಸಣೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಮಲಗಿದವರ ಮನೆಗಳಿಗೆ ಹೋದರು, ಎರಡು ಕಡೆ ಕಣ್ಣೊರೆಸಿಕೊಂಡರು. ಹಿಂದಿರುಗುವಾಗ ಸಿದ್ದಕ್ಕನ ತೋಟದ ಬೇಲಿಯ ಬಳಿ ಜೀಪು ನಿಲ್ಲಿಸಿದರು.

“ಇದೇನ್ರೀ ಮೇಷ್ಟ್ರೇ, ಮರಕ್ಕೆ ಕೆಮ್ಮಣ್ಣು?”

ಮೇಷ್ಟ್ರು ಹಿಗ್ಗಿನಿಂದ ಎಲ್ಲವನ್ನೂ ವಿವರಿಸಿದರು. ಅಧಿಕಾರಿಯ ಮುಖ ಗಂಟಿಕ್ಕಿತು.

“ಅಪಶಕುನದ ಮರ ಅಂತ ಕಾಯಿ ಎತ್ತೋದಾ? ಇದು ಮೂಢನಂಬಿಕೆಗೆ ನೀರೆರೆದ ಹಾಗಲ್ವೇನ್ರೀ? ಪಾಠ ಹೇಳಿದೋರು ಬೇರೆ ನೀವು! ನಾಳೆ ಪೇಪರಿನೋರು ಬರೆದ್ರೆ ನನ್ನ ಕುತ್ತಿಗೆಗೆ ಬರುತ್ತೆ. ಸರ್ಕಾರ ಪೂರ್ತಿ ಖರ್ಚು ಕೊಡೋವಾಗ ಜನರ ಹತ್ರ ವಸೂಲಿ ಮಾಡೋ ಹಾಗಿಲ್ಲ. ಎಲ್ಲ ಬಿಟ್ಬಿಡಿ.”

ಮೇಷ್ಟ್ರು ಪಾಠ ಒಪ್ಪಿಸಲಾಗದ ಹುಡುಗನಂತೆ ತಲೆ ತಗ್ಗಿಸಿದರು. ಪುಟ್ಟಗಂಗಮ್ಮ ಸೆರಗು ಬಿಗಿದುಕೊಂಡು ಮುಂದೆ ಬಂದಳು.

“ಸ್ವಾಮಿ, ನೀವು ವರ್ಸಾ ವರ್ಸಾ ಕೊಡ್ತೀರಾ?”

“ಸರ್ಕಾರ ಎಲ್ಲಿಗಮ್ಮಾ ಓಡಿಹೋಗುತ್ತೆ?” ಎಂದು ಅವರು ನಕ್ಕರು. ಜೀಪಿನ ಚಾಲಕನೂ ನಕ್ಕ.

ಮರಗಳನ್ನು ಸುಮ್ಮನೆ ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತು. ಕಾಯಿ ಎತ್ತದೆ ವರ್ಷವೆರಡು ಕಳೆದರೂ ಪಟ್ಟೆ ಪಟ್ಟೆಯಾಗಿಯೇ ಇರುತ್ತಿತ್ತು. ಮೇಷ್ಟ್ರೂ ಹಾಗೆಂದರು. ಪುಟ್ಟಗಂಗಮ್ಮನ ಮನಸ್ಸು ಒಪ್ಪಲಿಲ್ಲ. ನೂರು ತೋಟದ ಬಾಗಿಲಲ್ಲಿ ನಿಂತು ಕೇಳುವುದು ಆಕೆಗೆ ಎಂದೂ ಹಗುರವಾಗಿರಲಿಲ್ಲ. ಇಂದು ದೇವರು ಆ ಬೇಡುವ ಕೈಯನ್ನು ಬಿಡಿಸಿದ್ದಾನೆ. ಹಾಗಿರುವಾಗ ಕೊಟ್ಟವರಿಗೆ ಅವರ ಮರವನ್ನು ಅಪಶಕುನದ ಪಟ್ಟೆಯೊಂದಿಗೇ ಹಿಂದಿರುಗಿಸುವುದು ಯಾವ ಧರ್ಮ? ಎರವಲು ತಂದ ಪಾತ್ರೆಯನ್ನು ತೊಳೆದು ತಾನೇ ಕೊಡುವುದು?

ಆಕೆ ಊರಿನಲ್ಲಿ ಪೂಜೆ ಮಾಡಿಸುವ ಅಯ್ಯನವರನ್ನು ಕಂಡು, ಮರಗಳಿಗೆ ಶುದ್ಧಿ ಮಾಡಿಸಬಹುದೇ ಎಂದು ಕೇಳಿದಳು. ಅಂಥದ್ದನ್ನು ಆವರೆಗೆ ಯಾರೂ ಕೇಳಿರಲಿಲ್ಲ. ಅಯ್ಯನವರು ಯೋಚಿಸಿ, ಬಿದ್ದವನ ಮನೆಯವರೇ ನಿಂತು ಮನಸಾರೆ ಬಿಟ್ಟುಕೊಟ್ಟರೆ ದೋಷ ಕಳೆಯುತ್ತದೆ ಎಂದರು. ಪುಟ್ಟಗಂಗಮ್ಮ ಬಿದ್ದವರ ಮನೆಯವರನ್ನೆಲ್ಲ ಒಪ್ಪಿಸಿದಳು. ತೋಟತೋಟಕ್ಕೆ ಹೋಗಿ, ಅಯ್ಯನವರು ತೀರ್ಥ ಪ್ರೋಕ್ಷಿಸಿದಂತೆ ತಾನೇ ತೆಂಗಿನ ನಾರಿನಿಂದ ತಿಕ್ಕಿ ಕೆಮ್ಮಣ್ಣನ್ನು ತೊಳೆದಳು. ಸಿದ್ದಕ್ಕನ ತೋಟದಲ್ಲಿ, ಗಂಡ ಬಿದ್ದ ಮರದ ಬುಡದಲ್ಲಿ, ಅರಿಶಿನ ನೀರೆರೆದು ಕೈ ಮುಗಿದು, “ನಿನ್ನ ಮೇಲೆ ನಂಗೆ ಸಿಟ್ಟಿಲ್ಲ,” ಎಂದಳು. ಸುತ್ತ ನಿಂತವರೆಲ್ಲ ಅತ್ತರು. ಆ ಮರದಿಂದ ಕಿತ್ತ ಮೊದಲ ಕಾಯಿಯನ್ನು ಸಿದ್ದಕ್ಕ ಮನೆದೇವರಿಗೆ ಒಡೆದಳು.

ಎಷ್ಟು ಚೆಂದದ ಕೆಲಸ! ಸ್ವರ್ಗದ ಬಾಗಿಲಲ್ಲಿ ಹೇಳಿಕೊಳ್ಳುವಂಥದ್ದು. ಆ ಕೆಲಸವೇ ಮುಂದೆ ಆಕೆಯ ಕೊರಳಿಗೆ ಹಗ್ಗವಾಯಿತು.

ಅನುದಾನದ ವರ್ಷ ಚೆನ್ನಾಗಿಯೇ ನಡೆಯಿತು. ಸಂಘದ ಮರಗಳಿಲ್ಲವಾದ್ದರಿಂದ ತಿಮ್ಮರಾಜು ಬೇರೆಯವರ ತೋಟಗಳಿಗೆ ಕೂಲಿಗೆ ಹೋಗತೊಡಗಿದ. ನೊಣವಿನಕೆರೆಯ ಹಾದಿಯಲ್ಲಿ ಮಹಾಂತೇಶ್ ಎಂಬುವರ ದೊಡ್ಡ ತೋಟವಿದೆ. ಅಲ್ಲಿ ಒಂದು ದಿನ, ಯಾವ ದೋಷವೂ ಇಲ್ಲದ, ತುಂಬು ಗೊನೆಯ, ಒಳ್ಳೆಯ ಮರದಿಂದ ತಿಮ್ಮರಾಜು ಬಿದ್ದ. ಮಹಾಂತೇಶರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದರು, ಖರ್ಚು ನೋಡಿಕೊಂಡರು. ಅವನು ಮನೆಗೆ ಬರುವಷ್ಟರಲ್ಲಿ ಅಯ್ಯನವರನ್ನು ಕರೆಸಿ ಆ ಮರಕ್ಕೆ ಶುದ್ಧಿಯನ್ನೂ ಮಾಡಿಸಿದ್ದರು. ಶುದ್ಧಿ ಮಾಡಿಸಬಹುದೆಂದು ಈಗ ಎಲ್ಲರಿಗೂ ಗೊತ್ತಾಗಿತ್ತಲ್ಲ. ಆಸ್ಪತ್ರೆಯಲ್ಲಿ ದಿಕ್ಕು ತೋಚದೆ ಕುಳಿತಿದ್ದ ರಾಧಾಮಣಿ ಕೇಳಿದ್ದಕ್ಕೆಲ್ಲ ಹೂಂ ಎಂದಿದ್ದಳು.

ತಿಮ್ಮರಾಜುವಿನ ಮನೆಗೆ ಪುಟ್ಟಗಂಗಮ್ಮ ನರ್ಸಿನೊಂದಿಗೆ ವ್ಯಾನಿನಲ್ಲಿ ಹೋದಳು. ಅವನು ಗಾಳಿ ಹಾಸಿಗೆಯ ಮೇಲೆ ಮಲಗಿ, ಅವಳನ್ನು ಕಂಡು, “ಬೆನ್ನು ನೋಡಿದ್ರಾ?” ಎಂದು ಅವಳದೇ ದನಿಯಲ್ಲಿ ಅಣಕಿಸಿದ. ಆಕೆ ಆಚೆ ಹೋಗಿ ಅತ್ತು, ಮುಖ ತೊಳೆದುಕೊಂಡು ಒಳಗೆ ಬಂದಳು. ಇವನ ಬೆನ್ನು ಕೆಡಲು ಬಿಡುವುದಿಲ್ಲ ಎಂದು ಅಂದೇ ದೇವರ ಮೇಲೆ ಆಣೆ ಇಟ್ಟುಕೊಂಡಳು.

ಮರುವರ್ಷದ ಅನುದಾನ ಬರಲಿಲ್ಲ. ಮೊದಲು, ಬಿಡುಗಡೆಯಾಗಿಲ್ಲ ಎಂದರು. ಆಮೇಲೆ, ಕಡತ ಮೇಲೆ ಹೋಗಿದೆ ಎಂದರು. ಆಮೇಲೆ, ಯೋಜನೆಯನ್ನೇ ಇನ್ನೊಂದು ಯೋಜನೆಯೊಂದಿಗೆ ಸೇರಿಸಿದ್ದಾರೆ ಎಂದರು. ಸಂಬಳವಿಲ್ಲದೆ ನರ್ಸ್ ಹೋದಳು. ವ್ಯಾನು ಹೋಯಿತು. ಮೂವರು ಹೆಂಗಸರೂ ಮಕ್ಕಳಿಗೆ ಅನ್ನ ಹಾಕಬೇಕಲ್ಲ, ಒಬ್ಬಳು ನಾರಿನ ಫ್ಯಾಕ್ಟರಿಗೆ, ಇಬ್ಬರು ಕಾಯಿ ಸುಲಿಯುವ ಕೂಲಿಗೆ ಸೇರಿದರು. ಮೇಷ್ಟ್ರ ಅಟ್ಟದಲ್ಲಿ ಹಳೆಯ ಕೊಬ್ಬರಿಯೂ ಇರಲಿಲ್ಲ. ಕಾಯಿ ಹಾಕುವುದನ್ನು ನಿಲ್ಲಿಸಿ ವರ್ಷ ಮೀರಿತ್ತು.

ಮೇಷ್ಟ್ರೂ ಪುಟ್ಟಗಂಗಮ್ಮನೂ ಇಲಾಖೆಯ ಕಚೇರಿಗೆ ಹೋದರು. ಮೊದಲಿನ ಅಧಿಕಾರಿಗೆ ವರ್ಗವಾಗಿತ್ತು. ಹೊಸಬರು ಬಹಳ ಸೌಜನ್ಯದ ಹೆಣ್ಣುಮಗಳು. ಕುರ್ಚಿ ಹಾಕಿಸಿದರು, ಟೀ ತರಿಸಿದರು, ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು.

“ನಿಮ್ಮ ಕೆಲಸ ನಿಜವಾಗಿಯೂ ದೊಡ್ಡದು ಸರ್. ಆದರೆ ಹೊಸ ನಿಯಮದಲ್ಲಿ ಸ್ಥಳೀಯ ವಂತಿಗೆ ಕಡ್ಡಾಯ. ಊರಿನ ಜನ ತಮ್ಮ ಪಾಲು ಕೊಟ್ಟು ನಡೆಸುತ್ತಿರುವ ಸಂಸ್ಥೆಗೆ ಮಾತ್ರ ಸರ್ಕಾರ ತನ್ನ ಪಾಲು ಸೇರಿಸುತ್ತದೆ. ಹೋದ ವರ್ಷ ನಿಮ್ಮ ಜನರಿಂದ ಏನು ಬಂದಿದೆ?”

“ಏನೂ ಇಲ್ಲ,” ಎಂದರು ಮೇಷ್ಟ್ರು.

“ಅದೇ ತೊಂದರೆ ಸರ್. ಊರಿನವರೇ ನಂಬಿ ಕೈಜೋಡಿಸದ ಸಂಸ್ಥೆಯನ್ನು ನಾವು ಯಾವ ಆಧಾರದ ಮೇಲೆ ನಂಬುವುದು, ಹೇಳಿ?”

ಮೇಷ್ಟ್ರಿಗೆ ನಗು ಬಂತು. ಅಳು ಬರಬೇಕಾದಲ್ಲಿ ಬಂದ ನಗು, ನಿಲ್ಲಲೇ ಇಲ್ಲ. ಆ ಹೆಣ್ಣುಮಗಳು ಗಾಬರಿಯಿಂದ ನೀರು ತರಿಸಿದರು. ಪುಟ್ಟಗಂಗಮ್ಮ ಎದ್ದು ನಿಂತು ಹೇಳಿದಳು: “ತಾಯೀ, ಊರೋರು ಕೊಡ್ತಿದ್ರು. ಇಸ್ಕಬ್ಯಾಡಿ ಅಂದೋರು ನೀವು ಕೂತಿರೋ ಈ ಕುರ್ಚೀಲೇ ಕೂತಿದ್ರು.”

“ಅವರು ಬರೆದು ಕೊಟ್ಟಿದ್ದಾರಾ?” ಎಂದು ಕೇಳಿದರು ಅಧಿಕಾರಿ. ಬರೆದು ಕೊಟ್ಟಿರಲಿಲ್ಲ. ಬೇಲಿಯ ಪಕ್ಕದಲ್ಲಿ ನಿಂತು ಆಡಿದ ಮಾತು ಅದು.

ಇನ್ನು ಉಳಿದದ್ದು ಮರಗಳನ್ನು ಮರಳಿ ಕೇಳುವುದೊಂದೇ. ಪುಟ್ಟಗಂಗಮ್ಮ ಮೊದಲು ಸಿದ್ದಕ್ಕನ ಮನೆಗೆ ಹೋದಳು. ಸಿದ್ದಕ್ಕ ಮಜ್ಜಿಗೆ ಕೊಟ್ಟು ಎದುರಿಗೆ ಕುಳಿತಳು.

“ಮೊಮ್ಮಗಳ ಮದ್ವೇಲಿ ಕಳಸಕ್ಕೆ ಇಟ್ಟಿದ್ದು ಅದೇ ಮರದ ಕಾಯಿ ಕಣೇ ಗಂಗಿ. ಈಗ ಅದನ್ನ ಮತ್ತೆ ಬಿದ್ದೋರ ಮರ ಅಂದ್ರೆ ಆ ಮಗೀನ ತಾಳಿಗೆ ಏನರ್ಥ? ನೀನೇ ಹೇಳು.”

“ಆ ಮರದ್ದು ಬ್ಯಾಡ ಅಮ್ಮಾರೇ, ಬೇರೆ ಒಳ್ಳೇ ಮರದ್ದೇ ಒಂದಷ್ಟು ಕೊಡಿ.”

“ಒಳ್ಳೇ ಮರದ ಕಾಯಿನ ಆ ಕೆಲಸಕ್ಕೆ ಕೊಟ್ರೆ ಆ ಮರನೂ ಅಂಗೇ ಆಗಾಕಿಲ್ವೇನೇ? ನನ್ನ ಮಕ್ಕಳು ಒಪ್ಪಲ್ಲ ಕಣವ್ವ. ಸರ್ಕಾರ ಕೊಡ್ತೈತೆ ಅಂತ ನೀನೇ ಊರೆಲ್ಲ ಹೇಳ್ಕಂಡು ಬಂದಲ್ಲ.”

ಮಿಕ್ಕ ತೋಟಗಳಲ್ಲಿ ಇಷ್ಟು ಮೃದುವಾಗಿ ಹೇಳಲಿಲ್ಲ. ಒಬ್ಬರು, ಸರ್ಕಾರದ ದುಡ್ಡು ತಿಂದು ತೇಗಿ ಮತ್ತೆ ಬಂದಿರಾ ಎಂದರು. ಒಬ್ಬರು, ಮೇಷ್ಟ್ರು ಮೇಲಿನ ಮನೆ ಕಟ್ಟಿಸಿದ್ದು ಯಾವುದರಲ್ಲಿ ಎಂದು ಕೇಳಿದರು. ಮೇಷ್ಟ್ರ ಮನೆಗೆ ಮೇಲಿನ ಮಹಡಿಯೇ ಇರಲಿಲ್ಲ. ಇನ್ನೊಬ್ಬರು, ಶುದ್ಧಿಯಾದ ಮರವನ್ನು ಮತ್ತೆ ಸಾವಿಗೆ ಬರೆದುಕೊಟ್ಟರೆ ಇನ್ನೊಬ್ಬನನ್ನು ಕರೆದ ಹಾಗೆ ಎಂದು ಬಾಗಿಲು ಹಾಕಿಕೊಂಡರು.

ಈಗ ಎಲ್ಲ ಮನೆಗಳಿಗೂ ಪುಟ್ಟಗಂಗಮ್ಮ ಒಬ್ಬಳೇ. ಬಸ್ಸಿಗೆ ಮಾತ್ರ ತೊಂದರೆಯಿರಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಗಿತ್ತು. ಬಸ್ಸು ಹೋಗದ ಹಳ್ಳಿಗಳಿಗೆ ನಡೆದು ಹೋಗುವಳು. ಹಾಗಾಗಿ ತಿಮ್ಮರಾಜುವಿನ ಮನೆಗೆ ದಿನಾ ಹೋಗಲಾಗಲಿಲ್ಲ. ರಾಧಾಮಣಿ ಬೆಳಿಗ್ಗೆ ಗಂಡನನ್ನು ಹೊರಳಿಸಿ ಕೂಲಿಗೆ ಹೋದರೆ ಸಂಜೆಯೇ ಬರುವುದು. ನಡುವೆ ಹೊರಳಿಸುತ್ತೇನೆಂದು ಒಪ್ಪಿದ್ದ ಪಕ್ಕದ ಮನೆಯವಳು ಒಮ್ಮೊಮ್ಮೆ ಮರೆಯುವಳು. ಗಾಳಿ ಹಾಸಿಗೆ ಸೋರತೊಡಗಿತು. ಒಂದು ದಿನ ಪುಟ್ಟಗಂಗಮ್ಮ ಅವನನ್ನು ಹೊರಳಿಸಿದಾಗ ಬೆನ್ನಲ್ಲಿ ಹುಣ್ಣು ಬಾಯಿಬಿಟ್ಟಿತ್ತು. ತೊಳೆದಳು, ಬಟ್ಟೆ ಕಟ್ಟಿದಳು.

“ಏನಕ್ಕ, ಬೆನ್ನಲ್ಲಿ ಬಾವಿ ತೋಡವ್ರಾ?” ಎಂದ ತಿಮ್ಮರಾಜು.

“ಸುಮ್ನಿರೋ ಲೇ.”

“ಅಕ್ಕ, ನಾನು ಬಿದ್ದ ಮರ ಒಂದೈತಲ್ಲ. ಲೆಕ್ಕದಾಗೆ ಅದು ಸಂಘದ್ದೇ. ಮಹಾಂತೇಶಪ್ಪೋರು ಕೆಟ್ಟೋರಲ್ಲ. ಕೇಳಿ ನೋಡು. ತಿಮ್ಮನ ಮರ ತಿಮ್ಮಂಗೆ ಕೊಡಿ ಅನ್ನು.” ನಗುತ್ತಲೇ ಹೇಳಿದ. ಕಣ್ಣು ಮಾತ್ರ ನಗುತ್ತಿರಲಿಲ್ಲ.

ಮಹಾಂತೇಶರು ಜಗಲಿಯ ಮೇಲೆ ಕುರ್ಚಿ ಹಾಕಿಸಿ ಕೂರಿಸಿದರು. “ಹೆಂಗವ್ನೆ ನಮ್ಮ ಹುಡುಗ?” ಎಂದು ಅಕ್ಕರೆಯಿಂದಲೇ ವಿಚಾರಿಸಿದರು. ಆಕೆ ಕೇಳಿದ ಕೂಡಲೇ ಮುಖ ಬಾಡಿತು.

“ಅದಕ್ಕೆ ಶುದ್ಧಿ ಮಾಡ್ಸಿದೀನಿ ಗಂಗಕ್ಕ. ಅದ್ರ ಕಾಯಿ ಮಠಕ್ಕೆ ಹೋಗೈತೆ. ಈಗ ಅಪಶಕುನದ ಮರ ಅಂದ್ರೆ ಗುರುಗಳಿಗೆ ಏನು ಕೊಟ್ಟಂಗಾಯ್ತು ನಾನು?”

“ಅಪಶಕುನ ಅನ್ನೋದು ಬ್ಯಾಡ ಯಜಮಾನ್ರೇ. ಬೆನ್ನು ಕೊಳೀತಾ ಐತೆ ಅವನ್ದು. ಧರ್ಮ ಅಂತ ಕೊಡಿ.”

“ಧರ್ಮ ಅಂದ್ರೆ ದುಡ್ಡು ತಗ. ಐನೂರು ಬೇಕಾ, ಸಾವಿರ ಬೇಕಾ?” ಎಂದು ಜೇಬಿಗೆ ಕೈ ಹಾಕಿದರು. “ಮರದ ಮಾತು ಮಾತ್ರ ಎತ್ತಬ್ಯಾಡ. ನನ್ನ ತೋಟಕ್ಕೆ ಪಟ್ಟೆ ಬಳಿದ್ರೆ ನಾಳೆ ಒಬ್ಬ ಆಳೂ ಹತ್ತಲ್ಲ ಕಣಕ್ಕ. ಈ ದಾರಿ ತೋರ್ಸಿದ್ದು ನೀನೇ ಅಲ್ವಾ?”

ಆಕೆ ನೋಟು ತೆಗೆದುಕೊಂಡಳು. ಬಟ್ಟೆಗೂ ಔಷಧಿಗೂ ಅದು ಕೆಲವು ದಿನ ಬಂದೀತು. ದಿನವೂ ಒಬ್ಬ ಹೆಂಗಸು ಹೋಗಿ ಬೆನ್ನು ನೋಡುವುದಕ್ಕೆ ವರ್ಷವಿಡೀ ಫಲ ಕೊಡುವ ಮರ ಬೇಕಿತ್ತು.

ಹಿಂದಿರುಗುವ ದಾರಿಯಲ್ಲಿ, ಕಾಲುವೆಯ ಪಕ್ಕದ ತೋಟದಲ್ಲಿ ಯಾರೋ ಕಾಯಿ ಕೆಡವುತ್ತಿದ್ದರು. ಪುಟ್ಟಗಂಗಮ್ಮ ತಲೆಯೆತ್ತಿ ನೋಡಿದಳು. ಎತ್ತರದ ಮರ, ಗಾಳಿಗೆ ತೂಗುತ್ತಿತ್ತು. ಮೇಲಿದ್ದವನ ಕಾಲು ತುಸು ಜಾರಿ ಮತ್ತೆ ನಿಂತಿತು. ಆ ಒಂದು ಗಳಿಗೆಯಲ್ಲಿ ಆಕೆಯ ಮನಸ್ಸು ಹೇಳಿತು: ಒಂದು ಮರ ಬಂದೀತು.

ಆಕೆ ಕಾಲುವೆಯ ದಂಡೆಯ ಮೇಲೆ ಕುಸಿದು, ಎರಡೂ ಕೆನ್ನೆಗೆ ಬಡಿದುಕೊಂಡಳು. ಬಡಿದುಕೊಂಡೇ ಇದ್ದಳು. ಮೇಲಿದ್ದವನು ಕಂಡು, “ಯಾಕಮ್ಮೋ, ಚೇಳು ಕಡೀತಾ?” ಎಂದು ಕೂಗಿದ. ಬಂಧುಗಳೇ, ಈ ಪಾಪವನ್ನು ಭಗವಂತ ಯಾರ ತಲೆಗೆ ಕಟ್ಟುತ್ತಾನೆ? ಜೀವಮಾನವೆಲ್ಲ ಬಿದ್ದವರನ್ನು ಎತ್ತಿದ ಹೆಂಗಸಿನ ಎದೆಯಲ್ಲಿ, ಇನ್ನೊಬ್ಬ ಬೀಳಲಿ ಎಂಬ ಆಸೆ ಹುಟ್ಟಿಸಿದ್ದು ಯಾವುದು? ಬೇಲಿಯ ಬಳಿ ನಕ್ಕವರು ಅದನ್ನು ಎಂದೂ ತಿಳಿಯಲಾರರು. ಟೀ ಕೊಟ್ಟವರೂ ತಿಳಿಯಲಾರರು. ಆಕೆ ಮಾತ್ರ ಅಂದಿನಿಂದ ಯಾವ ತೋಟದ ಬಾಗಿಲಿಗೂ ಮರ ಕೇಳಲು ಹೋಗಲಿಲ್ಲ.

ತಿಮ್ಮರಾಜುವಿನ ಹುಣ್ಣು ಮೂಳೆ ಮುಟ್ಟಿತು. ಜ್ವರ ಏರಿ, ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ಪುಟ್ಟಗಂಗಮ್ಮ ಉಳಿದ ಮನೆಗಳನ್ನೆಲ್ಲ ಬಿಟ್ಟು ಅವನ ಪಕ್ಕದಲ್ಲಿ ಕುಳಿತಳು. ಜ್ವರದಲ್ಲಿ ಅವನು ಹೆಸರುಗಳನ್ನು ಹೇಳುತ್ತಿದ್ದ. ಯಾರ ಹೆಸರುಗಳೆಂದು ರಾಧಾಮಣಿಗೆ ತಿಳಿಯಲಿಲ್ಲ. ಪುಟ್ಟಗಂಗಮ್ಮನಿಗೆ ತಿಳಿಯಿತು. ಒಂದರ ಹಿಂದೊಂದು ಅವನು ಮರಗಳನ್ನು ಹತ್ತುತ್ತಿದ್ದ. ಸಣ್ಣತಿಮ್ಮಯ್ಯನ ಹೆಸರೂ ಬಂತು. ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ತಿಥಿಯ ಹಿಂದಿನ ದಿನ ಮಹಾಂತೇಶರು ಗೂಡ್ಸ್ ಆಟೋದಲ್ಲಿ ಕಾಯಿಯ ಮೂಟೆಗಳನ್ನು ಕಳುಹಿಸಿ, ಹಿಂದೆಯೇ ತಾವೂ ಬಂದರು. ಅಕ್ಕಿ, ಬೇಳೆ, ಬೆಲ್ಲ ಎಲ್ಲ ತಮ್ಮದೇ ಎಂದರು. ನೆರೆದವರು, ಎಂಥ ದೊಡ್ಡ ಮನಸ್ಸು ಎಂದರು. ಆಳುಗಳು ಮೂಟೆಗಳನ್ನು ನಡುಮನೆಯ ಮೂಲೆಯಲ್ಲಿ, ತಿಮ್ಮರಾಜು ಮಲಗುತ್ತಿದ್ದ ಜಾಗದಲ್ಲೇ ಇಳಿಸಿದರು. ಬೇರೆ ಜಾಗವಿರಲಿಲ್ಲ.

ಪುಟ್ಟಗಂಗಮ್ಮ ಆ ಮೂಟೆಗಳನ್ನೇ ನೋಡುತ್ತ ನಿಂತಿದ್ದು, ರಾಧಾಮಣಿಯ ಬಳಿ ಬಗ್ಗಿ ಕೇಳಿದಳು. “ಕಾಯಿ ನಂಗೆ ಕೊಡ್ತೀಯೇನವ್ವ? ಮಾರ್ಕಂತೀನಿ.”

ಮಹಾಂತೇಶರಿಗೆ ಕೇಳಿಸಿತು. “ಏನ್ ಗಂಗಕ್ಕ ಇದು! ಸತ್ತೋನ ಹೆಸ್ರಲ್ಲಿ ತಂದಿರೋ ಕಾಯಿ. ತಿಥಿ ಕಾಯಿನ ಮಾರ್ತಾರಾ ಯಾರಾದ್ರೂ?”

“ಬದುಕಿದ್ದಾಗ ಇವನ ಹೆಸ್ರಲ್ಲೇ ಕೇಳಿದ್ದೆ ಯಜಮಾನ್ರೇ,” ಎಂದಳು ಪುಟ್ಟಗಂಗಮ್ಮ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದಕ್ಕೇ ಅವರಿಗೆ ಹೆಚ್ಚು ಚುಚ್ಚಿರಬೇಕು, ಅಂಗಳಕ್ಕೆ ಎದ್ದುಹೋದರು.

ರಾಧಾಮಣಿ ಮಂಡಿಯ ಮೇಲಿಟ್ಟಿದ್ದ ತಲೆ ಎತ್ತಲಿಲ್ಲ. “ತಗಂಡೋಗಕ್ಕ,” ಎಂದಳು. “ನಂಗೆ ಈ ಮನೇಲಿ ಕಾಯಿ ವಾಸನೆ ಬ್ಯಾಡ.”

ಊರಿನ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನೋಡುತ್ತಿದ್ದಂತೆ ಪುಟ್ಟಗಂಗಮ್ಮ ಬಂದ ಆಟೋಗೇ ಮೂಟೆಗಳನ್ನು ಏರಿಸಿ, ತಿಪಟೂರಿಗೆ ಒಯ್ದು, ಹಸಿಗಾಯಿಯ ಮಂಡಿಯಲ್ಲಿ ಸಿಕ್ಕ ಬೆಲೆಗೆ ಮಾರಿದಳು. ಔಷಧಿ ಅಂಗಡಿಯಲ್ಲಿ ಬಟ್ಟೆ, ಮುಲಾಮು, ಕೈಗವಸು ಕೊಂಡಳು. ಅವು ಎಷ್ಟು ದಿನ ಬರುತ್ತವೆಂದು ಯೋಚಿಸಲಿಲ್ಲ. ಆಸ್ಪತ್ರೆಯಲ್ಲಿ ತಿಮ್ಮರಾಜುವಿನ ಪಕ್ಕ ಕುಳಿತಿದ್ದಾಗ, ಆಮೇಲೆ ಅವನ ಮಣ್ಣಿನ ಓಡಾಟದಲ್ಲಿ, ಬೇರೆ ಯಾವ ಮನೆಗೂ ಹೋಗಿರಲಿಲ್ಲ. ಶೆಟ್ಟಿಕೆರೆಯ ಬಸ್ಸು ಹಿಡಿದು, ಕೆರೆಯ ಹಿಂದಿನ ಕೇರಿಯಲ್ಲಿ ಮಲಗಿದ್ದ ಮುದುಕನ ಮನೆಯ ಬಾಗಿಲು ತಟ್ಟಿದಳು. ಸೊಸೆ ಬಾಗಿಲು ತೆರೆದಳು.

“ಬೆನ್ನು ನೋಡಿದ್ರಾ?” ಎಂದು ಕೇಳಿದಳು ಪುಟ್ಟಗಂಗಮ್ಮ.

ಸೊಸೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗಿನಿಂದ ವಾಸನೆ ಬಂತು.